ಶಾಸ್ತ್ರಭಂಡಾರದ ಬಾಗಿಲು ಓದಿಗೂ ತೆರೆಯಲಿ

ಮಾನ್ಯ ಸಂಪಾದಕರಿಗೆ,

ಕೇಂದ್ರ ಸರ್ಕಾರ 2025-26ರ ಬಜೆಟ್ಟಿನಲ್ಲಿ ಜ್ಞಾನ ಭಾರತಂ ಮಿಷನ್ ಪ್ರಕಟಿಸಿ, ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ, ಸಂರಕ್ಷಣೆಯ ಗುರಿ ಇಟ್ಟುಕೊಂಡ ಮೇಲೆ ಓಲೆಗರಿಗಳ ಮಾತು ಮತ್ತೆ ಕೇಳಿಬರುತ್ತಿದೆ. ಬಹಳ ಒಳ್ಳೆಯದು. ಆದರೆ ಇಂಥ ಯೋಜನೆಗಳ ಯಶಸ್ಸನ್ನು ಎಷ್ಟು ಪುಟ ಸ್ಕ್ಯಾನ್ ಆಯಿತು ಎಂಬ ಒಂದೇ ಲೆಕ್ಕದಿಂದ ಅಳೆಯುವ ಅಭ್ಯಾಸ ಬೆಳೆದುಬಿಟ್ಟರೆ ಕಷ್ಟ. ಮಠ, ಬಸದಿಗಳ ಗ್ರಂಥಭಂಡಾರಗಳು ಜನರಿಗೆ ಹತ್ತಿರವಾಗಬೇಕಾದರೆ ಅಲ್ಲಿ ಏನಿದೆ ಎಂದು ಹೇಳುವ ಸೂಚಿ ಬೇಕು, ಓದಬಲ್ಲವರಿಗೆ ಓದಲು ಕೊಡುವ ವ್ಯವಸ್ಥೆ ಬೇಕು, ಓದಬಲ್ಲವರನ್ನು ತಯಾರು ಮಾಡುವ ಪಾಠವೂ ಬೇಕು. ಮೂಡುಬಿದಿರೆಯ ಜೈನ ಶಾಸ್ತ್ರಭಂಡಾರವನ್ನು ಮುಂದಿಟ್ಟುಕೊಂಡು ಈ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಪತ್ರ ಉದ್ದವಾಯಿತು, ಆದರೂ ಪೂರ್ತಿ ಪ್ರಕಟಿಸಬೇಕೆಂದು ವಿನಂತಿ.

ಮೂಡುಬಿದಿರೆಗೆ ಬರುವವರಲ್ಲಿ ಹೆಚ್ಚಿನವರು 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೋಡಿ, ಫೋಟೊ ತೆಗೆದುಕೊಂಡು ಮರಳುತ್ತಾರೆ. ಅಲ್ಲಿಂದ ತುಸು ದೂರದಲ್ಲೇ ಇರುವ ಗುರು ಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರೂ ಇದೆ. ದಿಗಂಬರ ಜೈನರ ಮೂಲ ಆಗಮವಾದ ಷಟ್ಖಂಡಾಗಮ ಮತ್ತು ಕಷಾಯಪ್ರಾಭೃತ, ಅವುಗಳ ಟೀಕೆಗಳ (ಅರ್ಥ ವಿವರಿಸುವ ವ್ಯಾಖ್ಯಾನಗಳ) ಸಮೇತ ಶತಮಾನಗಳ ಕಾಲ ಉಳಿದುಬಂದ ಜಾಗ ಅದು. ಧರಸೇನಾಚಾರ್ಯರಿಂದ ಕಲಿತ ಪುಷ್ಪದಂತ, ಭೂತಬಲಿ ಇಬ್ಬರೂ ರಚಿಸಿದ ಷಟ್ಖಂಡಾಗಮದ ಸೂತ್ರಗಳಿಗೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಬರೆದ ಟೀಕೆಯೇ ಧವಲ. ಗುಣಧರಾಚಾರ್ಯರ ಕಷಾಯಪ್ರಾಭೃತಕ್ಕೆ ವೀರಸೇನರು ಆರಂಭಿಸಿ ಅವರ ಶಿಷ್ಯ ಜಿನಸೇನರು ಕ್ರಿ.ಶ. 837ರಲ್ಲಿ ಮುಗಿಸಿದ ಟೀಕೆ ಜಯಧವಲ. ಭೂತಬಲಿಯವರ ಮಹಾಬಂಧವೇ ಮಹಾಧವಲವೆಂದು ಹೆಸರಾಗಿದೆ. ಧವಲದ ಗಾತ್ರ 72,000 ಗ್ರಂಥ (32 ಅಕ್ಷರಕ್ಕೆ ಒಂದು ಗ್ರಂಥವೆಂಬ ಹಳೆಯ ಅಳತೆ), ಜಯಧವಲದ್ದು 60,000. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ. ಲಿಪಿ ಮಾತ್ರ ಹಳಗನ್ನಡ. ರಾಷ್ಟ್ರಕೂಟರ ಕಾಲದ ಈ ಮಹಾಗ್ರಂಥಗಳು ಇಂದು ಜಗತ್ತಿಗೆ ಸಿಕ್ಕಿದ್ದು ಕನ್ನಡ ಲಿಪಿಯಲ್ಲಿ ಬರೆದ ಗರಿಗಳಿಂದ ಎಂಬುದು ನಮ್ಮ ಶಾಲೆಯ ಪಠ್ಯಪುಸ್ತಕಗಳಲ್ಲಿ ಇರಬೇಕಾದ ಸಂಗತಿ.

ಗರಿಗಳ ವಿಷಯಕ್ಕೆ ಬರೋಣ. ಸಾಮಾನ್ಯ ತಾಳೆಯ ಗರಿ ಮೂರು ನಾಲ್ಕು ಸೆಂಟಿಮೀಟರ್ ಅಗಲ, ದಪ್ಪ, ಬೇಗ ಬಿರುಸಾಗುತ್ತದೆ. ಅದರ ಮೇಲೆ ಕಬ್ಬಿಣದ ಕಂಟದಿಂದ ಕೊರೆದು ಬರೆದು, ಆಮೇಲೆ ದೀಪದ ಮಸಿ ತಿಕ್ಕುತ್ತಿದ್ದರು. ಶ್ರೀತಾಳೆಯ ಗರಿ ಅದರ ಎರಡರಷ್ಟು ಅಗಲ, ತೆಳು, ಬಳುಕುತ್ತದೆ. ಮೇಲೆ ಲೇಖನಿಯಿಂದ ಮಸಿಯಲ್ಲೇ ಬರೆಯಬಹುದು. ಧವಲದ ಪ್ರತಿಗಳು ಶ್ರೀತಾಳೆಯ, ಎರಡು ಅಡಿಗೂ ಉದ್ದದ, ಮಸಿಯಲ್ಲಿ ಬರೆದ ಗರಿಗಳು. ಕೆಲವು ಗರಿಗಳಲ್ಲಿ ಹೊಯ್ಸಳರ ಕಾಲದ ಬಣ್ಣದ ಚಿತ್ರಗಳಿವೆ. ಕಲಾ ಇತಿಹಾಸಕಾರರು ಇವನ್ನು ಕ್ರಿ.ಶ. 1113ರ ಆಸುಪಾಸಿನವೆಂದು ಗುರುತಿಸುತ್ತಾರೆ. ಧರಣೇಂದ್ರ ಪದ್ಮಾವತಿಯರೊಡನೆ ಪಾರ್ಶ್ವನಾಥ, ಬಾಹುಬಲಿ, ಶ್ರುತದೇವಿ, ಕೈಮುಗಿದ ಶ್ರಾವಕರು (ಜೈನ ಗೃಹಸ್ಥರು), ಎಲ್ಲವೂ ನಾಲ್ಕು ಬೆರಳಗಲದ ಜಾಗದೊಳಗೆ. ಹೊಯ್ಸಳರೆಂದರೆ ಬೇಲೂರು ಹಳೇಬೀಡಿನ ಕಲ್ಲುಕೆತ್ತನೆಯೇ ನಮಗೆ ನೆನಪಾಗುವುದು. ಆ ಕಾಲದ ಕುಂಚದ ಕೆಲಸ ನೋಡಬೇಕಾದರೆ ಈ ಗರಿಗಳಷ್ಟು ದೊಡ್ಡ ಆಧಾರ ಬೇರೆ ಇಲ್ಲ.

ಪ್ರತಿಗಳ ಕೊನೆಯ ಪುಷ್ಪಿಕೆಗಳನ್ನು, ಅಂದರೆ ಬರೆದವರು ಬರೆಯಿಸಿದವರ ವಿವರ ಹೇಳುವ ಸಾಲುಗಳನ್ನು, ಓದಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ: ಇವನ್ನು ಬರೆಯಿಸಿ ದಾನ ಕೊಟ್ಟವರಲ್ಲಿ ಹೆಂಗಸರು ಮುಂದಿದ್ದಾರೆ. ಧವಲದ ಒಂದು ಪ್ರತಿಯನ್ನು ಗಂಗ ಮನೆತನದ ಹೆಣ್ಣುಮಗಳೊಬ್ಬಳು ಶುಭಚಂದ್ರ ಸಿದ್ಧಾಂತದೇವರಿಗೆ ಕೊಟ್ಟಳು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆ ಶ್ರೀಪಂಚಮಿ ವ್ರತದ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ್ದು ಕನ್ನಡಿಗರಿಗೆಲ್ಲ ಗೊತ್ತಿರುವ ಮಾತು. ಪ್ರತಿ ಮಾಡಿಸುವುದು, ಓದುವವರ ಕೈಗೆ ಕೊಡುವುದು, ಇದೇ ಶಾಸ್ತ್ರದಾನ. ಭಂಡಾರವನ್ನು ಜನರಿಗೆ ತೆರೆಯಬೇಕೆನ್ನುವುದು ಹೊರಗಿನವರು ತಂದ ಹೊಸ ವಿಚಾರ ಎಂದು ಯಾರಾದರೂ ಅಂದರೆ ಈ ಪುಷ್ಪಿಕೆಗಳನ್ನೇ ಅವರ ಮುಂದಿಡಬಹುದು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ಗ್ರಂಥಗಳು ದರ್ಶನಕ್ಕಷ್ಟೇ ಇದ್ದವು. ಮುಂಬಯಿ, ಸೊಲ್ಲಾಪುರದ ಶ್ರಾವಕರು ಯಾತ್ರೆಗೆ ಬಂದು ಕಂಡು, ಗರಿಗಳು ಜೀರ್ಣವಾಗುತ್ತಿರುವುದನ್ನು ನೋಡಿ ಕಳವಳಪಟ್ಟು, ಪ್ರತಿ ಮಾಡಿಸಲು ಹಣ ಕೂಡಿಸಿದರು. ಹಳಗನ್ನಡ ಲಿಪಿ ಓದಬಲ್ಲ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮೀರಜಿನ ಗಜಪತಿ ಶಾಸ್ತ್ರಿಗಳೂ ಈ ಕೆಲಸ ಹಿಡಿದರು. ಕೆಲಸ ವರ್ಷಗಟ್ಟಲೆ ನಡೆಯಿತು. ಪ್ರತಿ ಹೊರಗೆ ಹೋಗಕೂಡದೆಂಬ ಕಟ್ಟುಪಾಡಿದ್ದರಿಂದ ಗಜಪತಿ ಶಾಸ್ತ್ರಿಗಳು ಮಡದಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯ ಇನ್ನೊಂದು ಪ್ರತಿ ಮಾಡಿಕೊಂಡರು. ಅದು ಸಹಾರನಪುರ ಸೇರಿ, ಅಲ್ಲಿ ನಾಗರಿ ಲಿಪಿಗೆ ಇಳಿದು, ಆ ನಾಗರಿಯ ನಕಲುಗಳು ಉತ್ತರದ ಊರೂರಿಗೆ ಹರಡಿದವು. ಹೀರಾಲಾಲ್ ಜೈನ್ ಸಂಪಾದಿಸಿದ ಧವಲದ ಮೊದಲ ಸಂಪುಟ 1939ರಲ್ಲಿ ಮಹಾರಾಷ್ಟ್ರದ ಅಮರಾವತಿಯಿಂದ ಹೊರಬಂತು. ಮುಂದಿನ ಎರಡು ದಶಕಗಳಲ್ಲಿ 16 ಸಂಪುಟಗಳಾದವು. ಬೆಳಗಾವಿ ಜಿಲ್ಲೆಯ ಸದಲಗಾದ ಆ.ನೇ. ಉಪಾಧ್ಯೆಯವರು ಈ ಕೆಲಸದಲ್ಲಿ ಕೈಜೋಡಿಸಿದ್ದರು.

ನಕಲಿನ ನಕಲು ನೋಡಿ ಅಚ್ಚು ಹಾಕಿದಾಗ ಏನಾಗುತ್ತದೆ ಎಂಬುದಕ್ಕೆ ಧವಲದ ಆ ಮೊದಲ ಸಂಪುಟದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಮೊದಲ ಭಾಗದ 93ನೆಯ ಸೂತ್ರ ಮನುಷ್ಯ ಸ್ತ್ರೀಯರ ಗುಣಸ್ಥಾನಗಳನ್ನು (ಆತ್ಮಶುದ್ಧಿಯ ಮೆಟ್ಟಿಲುಗಳನ್ನು) ಹೇಳುತ್ತದೆ. ಸಂಪಾದಕರ ಕೈಲಿದ್ದ ನಕಲುಗಳಲ್ಲಿ ‘ಸಂಜದ’ (ಸಂಯತ) ಎಂಬ ಪದ ಇರಲಿಲ್ಲ. ಅರ್ಥ ನೋಡಿದರೆ ಅಲ್ಲಿ ಆ ಪದ ಇರಲೇಬೇಕು ಎಂದು ಅವರು ಅಡಿಟಿಪ್ಪಣಿ ಹಾಕಿದರು. ಒಂದೇ ಪದ, ಆದರೆ ಆ ಪದ ಇದೆಯೋ ಇಲ್ಲವೋ ಎಂಬುದರ ಮೇಲೆ ಸ್ತ್ರೀಗೆ ಸಂಯಮದ ಅಧಿಕಾರವನ್ನು ಹೇಗೆ ಅರ್ಥಮಾಡಬೇಕು ಎಂಬ ಸಿದ್ಧಾಂತದ ದೊಡ್ಡ ಪ್ರಶ್ನೆಯೇ ನಿಂತಿತ್ತು. ಪಂಡಿತರ ನಡುವೆ ಭಾರಿ ವಾದವೆದ್ದಿತು. ಕೊನೆಗೆ ಮೂಡುಬಿದಿರೆಯ ಮೂಲ ಗರಿಗಳೊಡನೆ ತಾಳೆ ನೋಡಿದಾಗ ಪದ ಅಲ್ಲಿತ್ತು. ನಕಲುಗಾರನ ಕಣ್ಣು ಜಾರಿದ್ದರಿಂದ ಹುಟ್ಟಿದ ವಾದಕ್ಕೆ ಗರಿಯೇ ಉತ್ತರ ಕೊಟ್ಟಿತು. ಮೂಲದ ಸ್ಪಷ್ಟ ಚಿತ್ರ ಆ ದಿನಗಳಲ್ಲಿ ಎಲ್ಲರಿಗೂ ಸಿಗುವಂತಿದ್ದರೆ ಇಷ್ಟು ಕಾಲ ಕಾಯಬೇಕಾಗಿರಲಿಲ್ಲ.

ಇಂಥ ತಪ್ಪುಗಳು ಹುಟ್ಟುವ ಬಗೆಯೂ ನಿರ್ದಿಷ್ಟವಾಗಿದೆ. ಒಂದೇ ಪದ ಎರಡು ಸಾಲಿನಲ್ಲಿ ಬಂದರೆ ನಡುವಿನದು ಹಾರಿಹೋಗುತ್ತದೆ. ಹಳೆಯ ಲಿಪಿಯಲ್ಲಿ ದ-ಧ, ಪ-ವ ಬೇಗ ಅದಲುಬದಲಾಗುತ್ತವೆ. ಹ್ರಸ್ವ ದೀರ್ಘ ಎ-ಏ, ಒ-ಓಗಳಿಗೆ ಬೇರೆ ಗುರುತಿಲ್ಲ. ಕನ್ನಡ ಲಿಪಿಯ ಪ್ರಾಕೃತ ಗರಿಗಳಲ್ಲಿ ವ್ಯಂಜನದ ಹಿಂದಿನ ಸೊನ್ನೆ ಕೆಲವೆಡೆ ಅನುಸ್ವಾರ, ಕೆಲವೆಡೆ ಮುಂದಿನ ಅಕ್ಷರ ಒತ್ತಕ್ಷರವೆಂಬ ಸೂಚನೆ. ಪ್ರಾಕೃತ ಬಾರದವನು ನಾಗರಿಗೆ ಇಳಿಸುವಾಗ ಎಲ್ಲ ಸೊನ್ನೆಯನ್ನೂ ಅನುಸ್ವಾರವೆಂದೇ ಬರೆದುಬಿಡುತ್ತಾನೆ. ಕಂಪ್ಯೂಟರಿನಿಂದ ಲಿಪಿ ಓದಿಸುತ್ತೇವೆ ಎನ್ನುವವರೂ ಈ ಸೊನ್ನೆಯನ್ನು ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ಕೆಲಸ ಯಾವುದರಿಂದ ಶುರುವಾಗಬೇಕು? ಸೂಚಿಯಿಂದ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ ಮತ್ತು ಸುತ್ತಲಿನ ಭಂಡಾರಗಳ ಓಲೆಕಟ್ಟುಗಳನ್ನು ನೋಡಿ ಸಿದ್ಧಪಡಿಸಿದ ಸೂಚಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಇಂದಿಗೂ ಅದು ನಮಗೆ ದಾರಿ ತೋರುವ ಕೃತಿ. ಅದು ಹಿಂದಿಯಲ್ಲಿದೆ ಎಂಬುದನ್ನೂ ಹೇಳಬೇಕು. ಅದರ ಕನ್ನಡ ರೂಪ, ಇಂದು ಯಾವ ಕಟ್ಟು ಎಲ್ಲಿದೆ ಎಂಬ ಹೊಸ ಅಂಕಣದ ಸಮೇತ, ಬರಬೇಕು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದ್ದು, ಭಂಡಾರಕ್ಕೆ ಬಂದ ಕಟ್ಟನ್ನು ಬಿಚ್ಚಿ ಗರಿ ಗರಿ ಓದಿದ್ದರಿಂದ.

ಸೂಚಿ ಮಾಡುವಾಗ ಆಗುವ ಮೊದಲ ಎಡವಟ್ಟೆಂದರೆ ಮೇಲಿನ ಗರಿಯ ಹೆಸರನ್ನೇ ಇಡೀ ಕಟ್ಟಿಗೆ ಕೊಡುವುದು. ಒಂದೇ ಕಟ್ಟಿನಲ್ಲಿ ನಾಲ್ಕೈದು ಕೃತಿಗಳಿರುವುದು ತೀರ ಸಾಮಾನ್ಯ: ಮುಂದೊಂದು ಸ್ತೋತ್ರ, ನಡುವೆ ವ್ಯಾಕರಣ, ಕೊನೆಗೆ ವೈದ್ಯ, ಸಾಲ ಕೊಟ್ಟ ಲೆಕ್ಕ. ಆದ್ದರಿಂದ ಪ್ರತಿ ಕೃತಿಯ ಆರಂಭ, ಅಂತ್ಯ, ಪುಷ್ಪಿಕೆ ಮೂರನ್ನೂ ಇದ್ದಂತೆ, ತಪ್ಪು ತಿದ್ದದೆ ಬರೆದುಕೊಳ್ಳಬೇಕು. ಗರಿಗಳ ಸಂಖ್ಯೆ, ಉದ್ದ ಅಗಲ ಸೆಂಟಿಮೀಟರಿನಲ್ಲಿ, ಬದಿಗೆಷ್ಟು ಸಾಲು, ಸಾಲಿಗೆಷ್ಟು ಅಕ್ಷರ, ತೂತು ಒಂದೋ ಎರಡೋ, ಹಲಗೆ ಇದೆಯೋ ಇಲ್ಲವೋ, ಕೊರೆದದ್ದೋ ಮಸಿಯದ್ದೋ ನಮೂದಾಗಬೇಕು. ಗರಿಯ ಅಂಕಿ ಎಡ ಅಂಚಿನಲ್ಲಿ ಒಂದು ಬದಿಗೆ ಮಾತ್ರ ಇರುತ್ತದೆ, ಕನ್ನಡ ಅಂಕಿಯಲ್ಲಿ. ಅಂಚು ಮುರಿದಿದ್ದರೆ ಅಂಕಿಯೂ ಹೋಗಿರುತ್ತದೆ. ಆಗ ನೆರವಾಗುವುದು ಹಳೆಯವರ ಗ್ರಂಥಲೆಕ್ಕ. 32 ಅಕ್ಷರ ಸೇರಿದರೆ ಒಂದು ಗ್ರಂಥ. ನಕಲುಗಾರನ ಕೂಲಿಯನ್ನೂ ಇದರ ಮೇಲೆಯೇ ಎಣಿಸುತ್ತಿದ್ದರು. ಬದಿಗೆ 8 ಸಾಲು, ಸಾಲಿಗೆ 60 ಅಕ್ಷರವಿದ್ದರೆ ಗರಿಯ ಎರಡೂ ಬದಿ ಸೇರಿ 960 ಅಕ್ಷರ, ಅಂದರೆ 30 ಗ್ರಂಥ. ಕೃತಿಯ ಗಾತ್ರ 3,000 ಗ್ರಂಥವೆಂದು ಗೊತ್ತಿದ್ದರೆ 100 ಗರಿ ಇರಬೇಕು. ಕೈಲಿರುವುದು 84 ಆದರೆ ಉಳಿದ 16 ಗರಿಗಳನ್ನು ಪಕ್ಕದ ಕಟ್ಟುಗಳಲ್ಲಿ ಹುಡುಕಬೇಕು. ಯಾವಾಗಲೋ ಒಟ್ಟಿಗೆ ಬಿಚ್ಚಿ ಒಟ್ಟಿಗೆ ಕಟ್ಟಿದಾಗ ಬೆರೆತಿರುವ ಸಾಧ್ಯತೆ ಹೆಚ್ಚು.

ಇನ್ನು ಹವೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಗಾಳಿಯ ತೇವ ದಿನಗಟ್ಟಲೆ ಶೇ. 85ರ ಮೇಲೇ ಇರುತ್ತದೆ. ಓಲೆಗರಿಗೆ ಹಿತವಾದದ್ದು ಶೇ. 50ರಿಂದ 60. ತೇವ ಜಾಸ್ತಿಯಾದರೆ ಬೂಷ್ಟು ಹಿಡಿದು ಗರಿಗಳು ಒಂದಕ್ಕೊಂದು ಅಂಟುತ್ತವೆ, ತೀರ ಕಡಿಮೆಯಾದರೆ ಮುದುಡಿ ಸೀಳುತ್ತವೆ. ಇವೆರಡಕ್ಕಿಂತ ಕೆಟ್ಟದ್ದು ಏರಿಳಿತ. ಕಚೇರಿ ಹೊತ್ತಿನಲ್ಲಿ ಎಸಿ ಹಾಕಿ ಸಂಜೆ ಆರಿಸುವ ಕೋಣೆಯಲ್ಲಿ ಗರಿ ದಿನಕ್ಕೊಮ್ಮೆ ಕುಗ್ಗಿ ಹಿಗ್ಗುತ್ತದೆ. ಚಿತ್ರವಿರುವ ಗರಿಯಾದರೆ ಬಣ್ಣದ ಪದರ ಗರಿಯ ಜೊತೆ ಹಿಗ್ಗಲಾರದೆ ಚಕ್ಕೆಯೆದ್ದು ಉದುರುತ್ತದೆ. ದಿನವಿಡೀ ನಡೆಸಲಾಗದಿದ್ದರೆ ಎಸಿ ಬೇಡವೇ ಬೇಡ. ದಪ್ಪ ಗೋಡೆಯ ಒಳಕೋಣೆ, ಗೋಡೆಯಿಂದ ಒಂದಡಿ ಬಿಟ್ಟು ನಿಲ್ಲಿಸಿದ ಕಪಾಟು, ಇಪ್ಪತ್ನಾಲ್ಕು ಗಂಟೆಯೂ ನಡೆಯುವ ತೇವ ಹೀರುವ ಯಂತ್ರ, ಅದರ ನೀರಿನ ತೊಟ್ಟಿ ತುಂಬುವ ಮೊದಲು ಚೆಲ್ಲುವ ಒಬ್ಬ ಜವಾಬ್ದಾರಿಯ ಮನುಷ್ಯ, ತೇವಮಾಪಕದ ಅಂಕಿ ಬರೆದಿಡುವ ಪುಸ್ತಕ ಇಷ್ಟಿದ್ದರೆ ಸಾಕು. ಯೋಜನೆಗಳಲ್ಲಿ ಯಂತ್ರಕ್ಕೆ ಹಣ ಸಿಗುತ್ತದೆ, ಆ ಮನುಷ್ಯನ ಸಂಬಳಕ್ಕೆ ಸಿಗುವುದಿಲ್ಲ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಇಲ್ಲೇ ಒಂದು ಮಾತು. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಶಾಸ್ತ್ರಗಳನ್ನು ಹೊರತೆಗೆದು ಪೂಜಿಸುವುದು ಜೈನರಲ್ಲಿ ಬಹುಕಾಲದ ಪದ್ಧತಿ. ಗ್ರಂಥಗಳನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿ ನೋಡುವ ಏರ್ಪಾಡು ಅದರಲ್ಲೇ ಅಡಗಿದೆ. ಉತ್ತರದಲ್ಲಿ ಅದು ಒಣ ಹವೆಯ ಕಾಲ. ನಮ್ಮಲ್ಲಿ ಮೇ ಕೊನೆಯಿಂದ ಜೂನ್ ನಡುವೆ ಬರುವ ಆ ದಿನ ಮುಂಗಾರಿನ ಬಾಗಿಲಲ್ಲೇ ಇರುತ್ತದೆ. ಪೂಜೆಗೆ ಒಂದೆರಡು ಕಟ್ಟನ್ನು ಬಟ್ಟೆ ಬಿಚ್ಚದೆ ಇಟ್ಟು, ಗಾಳಿಗೆ ಬಿಡುವ, ಎಣಿಸುವ, ಹುಳು ನೋಡುವ ಕೆಲಸವನ್ನು ಮಾಘ ಫಾಲ್ಗುಣದಲ್ಲೇ ಮುಗಿಸಿಕೊಂಡರೆ ಪದ್ಧತಿಯೂ ಉಳಿಯುತ್ತದೆ, ಗರಿಯೂ ಉಳಿಯುತ್ತದೆ. ಗಾಳಿಗೆ ಬಿಡುವುದೆಂದರೆ ನೆರಳಿನಲ್ಲಿ; ಬಿಸಿಲಿಗೆ ಹಾಕಿದರೆ ಗರಿ ಅರ್ಧ ಗಂಟೆಯಲ್ಲಿ ದೋಣಿಯಂತೆ ಬಾಗುತ್ತದೆ.

ಎಣ್ಣೆಯ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ. ಕೊರೆದ ಗರಿ ಬಿರುಸಾದಾಗ ಮೆದು ಕುಂಚದಿಂದ ಧೂಳು ತೆಗೆದು, ಬೇಕಿದ್ದರೆ ನೀರು ಮತ್ತು ಈಥೈಲ್ ಆಲ್ಕೊಹಾಲ್ ಸಮಪಾಲು ಬೆರೆಸಿದ್ದರಲ್ಲಿ ಹತ್ತಿಯನ್ನು ಅದ್ದಿ ಹಿಂಡಿ, ನಾರಿನ ದಿಕ್ಕಿಗೆ ಉದ್ದಕ್ಕೆ ಒರಸಿ, ಪೂರ್ತಿ ಒಣಗಿದ ಮೇಲೆ ಅಕ್ಷರ ಮಸುಕಾಗಿದ್ದರೆ ದೀಪದ ಮಸಿ ತಿಕ್ಕಿ ಹೆಚ್ಚಿನದನ್ನು ಬಟ್ಟೆಯಿಂದ ಒರಸಿ, ಕೊನೆಗೆ ಸಿಟ್ರೊನೆಲ್ಲಾ ಅಥವಾ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಬಟ್ಟೆಗೆ ಸೋಕಿಸಿ ಒಂದೇ ಒಂದು ಸಲ ಸವರುವುದು ರೂಢಿಯಲ್ಲಿರುವ ಕ್ರಮ. ಹನಿ ಹನಿಯಾಗಿ ಸುರಿದರೆ ಎಣ್ಣೆ ಧೂಳನ್ನು ಹಿಡಿದು ಗರಿ ಕಪ್ಪಾಗುತ್ತದೆ. ಪ್ರತಿ ವರ್ಷ ಹಚ್ಚುತ್ತ ಹೋದರೆ ಗರಿಗಳು ಜಿಗುಟಾಗಿ ಅಂಟುತ್ತವೆ. ಮಸಿಯಲ್ಲಿ ಬರೆದ, ಚಿತ್ರವಿರುವ ಗರಿಗಳಿಗೆ ಈ ಕ್ರಮ ಸಲ್ಲದು. ಅಲ್ಲಿ ಒದ್ದೆ ಬಟ್ಟೆ ಮುಟ್ಟಿದರೆ ಒಂಬತ್ತು ಶತಮಾನದ ಅಕ್ಷರ ಹತ್ತಿಗೆ ಬರುತ್ತದೆ. ಆ ಗರಿಗಳಿಗೆ ಒಣ ಕುಂಚವೊಂದೇ. ಉಳಿದದ್ದು ತರಬೇತಾದ ಸಂರಕ್ಷಕರ ಕೆಲಸ. ಯಾವ ಗರಿಗೂ ಲ್ಯಾಮಿನೇಷನ್ ಮಾಡಬಾರದು, ಸೆಲ್ಲೊಟೇಪ್ ಹಚ್ಚಬಾರದು. ಅಂಟಿಕೊಂಡ ಗರಿಗಳ ನಡುವೆ ಚಾಕು ತೂರಿಸಿದರೆ ಮೇಲಿನ ಸಿಪ್ಪೆ ಅಕ್ಷರದ ಸಮೇತ ಎದ್ದುಬರುತ್ತದೆ.

ಹುಳು ಇದೆಯೋ ಇಲ್ಲವೋ ತಿಳಿಯಲು ಕಟ್ಟಿನ ಕೆಳಗೆ ಬಿಳಿ ಹಾಳೆ ಹಾಕಿ ವಾರ ಬಿಟ್ಟು ನೋಡಬೇಕು. ಸಣ್ಣ ಪುಡಿ ಉದುರಿದ್ದರೆ ಒಳಗೆ ಜೀವಂತ ಹುಳುವಿದೆ. ಬರೀ ಹಳೆಯ ತೂತುಗಳಿದ್ದರೆ ಗಾಬರಿ ಬೇಡ. ಬಜೆ, ಲವಂಗ, ಬೇವಿನ ಎಲೆಯ ಗಂಟು ಹುಳು ಬಾರದಂತೆ ಸ್ವಲ್ಪ ತಡೆಯುತ್ತದೆ, ಒಳಗಿರುವ ಹುಳುವನ್ನು ಕೊಲ್ಲುವುದಿಲ್ಲ. ಅದಕ್ಕೆ ಗಾಳಿಯಾಡದ ಚೀಲದಲ್ಲಿ ಆಮ್ಲಜನಕ ಹೀರುವ ಪೊಟ್ಟಣಗಳೊಡನೆ ಕಟ್ಟನ್ನು ಮೂರು ವಾರ ಇಡುವ ವಿಧಾನ ಎಲ್ಲಕ್ಕಿಂತ ನಿರಪಾಯ. ಕಟ್ಟಲು ಗಂಜಿ ತೊಳೆದು ತೆಗೆದ ಹತ್ತಿ ಬಟ್ಟೆಯೇ ಆಗಬೇಕು, ಗಂಜಿಗೇ ಹುಳು ಬರುತ್ತದೆ. ಹಲಗೆಗಳು ಗರಿಗಿಂತ ಎಲ್ಲ ಕಡೆ ಅರ್ಧ ಸೆಂಟಿಮೀಟರ್ ದೊಡ್ಡದಾಗಿರಬೇಕು, ಇಲ್ಲದಿದ್ದರೆ ಗರಿಯ ತುದಿಗಳೇ ಏಟು ತಿನ್ನುತ್ತವೆ.

ಚಿತ್ರೀಕರಣಕ್ಕೆ ಬಂದರೆ, ಅವಸರವೇ ದೊಡ್ಡ ಶತ್ರು. 70 ಸೆಂಟಿಮೀಟರ್ ಉದ್ದದ ಗರಿಯನ್ನು 300 ಡಿಪಿಐಯಲ್ಲಿ (ಅಂಗುಲಕ್ಕೆ 300 ಚುಕ್ಕೆಯಂತೆ) ಹಿಡಿಯಲು ಉದ್ದಕ್ಕೆ 8,268 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಸಿಗುವುದು 6,000. ಒಂದೇ ಚಿತ್ರದಲ್ಲಿ ಮುಗಿಸಿದರೆ ಒತ್ತಕ್ಷರಗಳು ಕಲೆಯಂತೆ ಕಾಣುತ್ತವೆ. ಎಡ ಬಲ ಎರಡು ಚಿತ್ರ, ನಡುವೆ ಐದು ಸೆಂಟಿಮೀಟರ್ ಎರಡರಲ್ಲೂ ಬರುವಂತೆ ತೆಗೆಯಬೇಕು. ಬಾಗಿದ ಗರಿಯ ಮೇಲೆ ಗಾಜು ಒತ್ತಬಾರದು. ತುದಿಗಳಿಗೆ ಬಟ್ಟೆ ಸುತ್ತಿದ ಸಣ್ಣ ತೂಕ ಸಾಕು. ಪ್ರತಿ ಚಿತ್ರದಲ್ಲಿ ಅಳತೆಪಟ್ಟಿ, ಬಣ್ಣದ ಪಟ್ಟಿ, ಕಟ್ಟಿನ ಸಂಖ್ಯೆ ಇರಬೇಕು. ಮಸಿ ಹೋದ ಕೊರೆದ ಗರಿಗೆ ಬೆಳಕನ್ನು ಒಂದು ಪಕ್ಕದಿಂದ ತಗ್ಗಾಗಿ ಹಾಯಿಸಿದರೆ ಕೊರೆತದ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ, ಓದಲೆಂದು ಮಸಿ ತಿಕ್ಕುವ ಅಗತ್ಯವೇ ಬರುವುದಿಲ್ಲ. ಗರಿ ತಿರುಗಿಸುವಾಗ ಎಲ್ಲವನ್ನೂ ಒಂದೇ ದಿಕ್ಕಿಗೆ ತಿರುಗಿಸಬೇಕು. ಒಮ್ಮೆ ಮೇಲಕ್ಕೆ ಒಮ್ಮೆ ಪಕ್ಕಕ್ಕೆ ಆದರೆ ಅರ್ಧ ಚಿತ್ರಗಳು ತಲೆಕೆಳಗಾಗುತ್ತವೆ. ಅನುಕ್ರಮ ತಪ್ಪಿದ್ದರೂ ಇದ್ದಂತೆಯೇ ತೆಗೆದು, ಸರಿಯಾದ ಅನುಕ್ರಮವನ್ನು ಕಾಗದದಲ್ಲಿ ಬರೆದಿಡಬೇಕು. 24 ಮೆಗಾಪಿಕ್ಸೆಲ್ಲಿನ ಒಂದು ಟಿಫ್ ಕಡತ ಸುಮಾರು 72 ಎಂಬಿ. ಗರಿಗೆ ನಾಲ್ಕು ಚಿತ್ರವಾದರೆ 500 ಗರಿಯ ಗ್ರಂಥಕ್ಕೆ 144 ಜಿಬಿ. ಇದರ ಮೂರು ಪ್ರತಿ ಬೇಕು, ಒಂದು ಬೇರೆ ಊರಿನಲ್ಲಿ. ವರ್ಷಕ್ಕೊಮ್ಮೆ ತೆರೆದು ನೋಡಬೇಕು. ಹಾರ್ಡ್ ಡಿಸ್ಕಿನಲ್ಲಿಟ್ಟು ಬೀಗ ಹಾಕಿದರೆ ಗರಿಗಿಂತ ಮೊದಲು ಡಿಸ್ಕೇ ಹಾಳಾಗುತ್ತದೆ.

ಮಠ ಬಸದಿಗಳವರ ಅಂಜಿಕೆಗೂ ಕಾರಣವಿದೆ, ಅದನ್ನು ಹಗುರಾಗಿ ನೋಡಬಾರದು. 2013ರಲ್ಲಿ ಸಿದ್ಧಾಂತ ಬಸದಿಯಿಂದ ವಿಗ್ರಹಗಳು ಕಳವಾದವು. ಸಿದ್ಧಾಂತ ಗ್ರಂಥಗಳನ್ನು ಗೃಹಸ್ಥರು ಓದಬಾರದೆಂಬ ಹಳೆಯ ನಿಯಮವೂ ಇತ್ತು. ಆದರೆ ಗ್ರಂಥ ಅಚ್ಚಾಗಿ ಎಂಟು ದಶಕ ದಾಟಿದ ಮೇಲೆ ಓದಿಗೆ ತಡೆ ಉಳಿದಿಲ್ಲ. ಕಳವಿನ ಭಯಕ್ಕಂತೂ ಸೂಚಿ ಮತ್ತು ಚಿತ್ರಗಳೇ ಒಳ್ಳೆಯ ಕಾವಲು. ಅಳತೆ, ಸಾಲು, ತೂತು, ಕಲೆಯ ಸಮೇತ ದಾಖಲಾದ ಗರಿಯನ್ನು ಮಾರುವುದು ಕಷ್ಟ, ಸಿಕ್ಕಾಗ ನಮ್ಮದೆಂದು ಸಾಧಿಸುವುದು ಸುಲಭ. ಚಿತ್ರಗಳ ಒಡೆತನ ಭಂಡಾರದ್ದೇ ಎಂದು ಒಪ್ಪಂದದಲ್ಲಿ ಮೊದಲೇ ಬರೆಯಿಸಿಕೊಳ್ಳಬೇಕು, ಮೂಲ ಕಡತಗಳ ಒಂದು ಪೂರ್ತಿ ಪ್ರತಿ ಭಂಡಾರಕ್ಕೆ ಸಿಗದೆ ಕ್ಯಾಮೆರಾ ಹೊರಗೆ ಹೋಗಬಾರದು. ಗರಿಗಳು ಊರು ಬಿಟ್ಟು ಕದಲಬಾರದು, ಕ್ಯಾಮೆರಾವೇ ಬರಲಿ.

ಪ್ರದರ್ಶನ ಬೇಕೇ ಬೇಕು, ಆದರೆ ಮೂಲ ಗರಿಯನ್ನು ಎಲ್‌ಇಡಿ ದೀಪದ ಕೆಳಗೆ ಕಾಯಂ ಮಲಗಿಸುವುದು ಸರಿಯಲ್ಲ. ಬಣ್ಣದ ಗರಿಗೆ 50 ಲಕ್ಸ್ (ಬೀಳುವ ಬೆಳಕಿನ ಅಳತೆ) ಮಿತಿ. ದಿನಕ್ಕೆ 8 ಗಂಟೆಯಂತೆ 90 ದಿನ ಇಟ್ಟರೆ 36,000 ಲಕ್ಸ್ ಗಂಟೆ. ಅದೇ ಗರಿಯನ್ನು 500 ಲಕ್ಸಿನ ಬೆಳಕಿನಲ್ಲಿಟ್ಟರೆ ಅಷ್ಟು ಬೆಳಕು ಒಂಬತ್ತೇ ದಿನದಲ್ಲಿ ಬೀಳುತ್ತದೆ. ಬಣ್ಣ ಒಮ್ಮೆ ಮಾಸಿದರೆ ಮರಳಿ ಬರುವುದಿಲ್ಲ. ಒಂದು ಗರಿ ಮೂರು ತಿಂಗಳು, ಆಮೇಲೆ ಅದಕ್ಕೆ ಹಲವು ವರ್ಷ ವಿಶ್ರಾಂತಿ, ಅದರ ಜಾಗಕ್ಕೆ ಇನ್ನೊಂದು. ಪಕ್ಕದಲ್ಲಿ ಅದೇ ಅಳತೆಯ ಮುದ್ರಿತ ಪ್ರತಿರೂಪ, ಮಕ್ಕಳು ಮುಟ್ಟಿ ನೋಡುವಂತೆ. ಒಂದು ಸಾಲಿನ ಹಳೆಯ ಲಿಪಿ, ಕೆಳಗೆ ಹೊಸ ಕನ್ನಡ ಲಿಪಿ, ಅದರ ಕೆಳಗೆ ಅರ್ಥ. ಆ ಮೂರು ಸಾಲಿನ ಮುಂದೆ ಯಾವ ಕನ್ನಡದ ಮಗುವಾದರೂ ನಿಂತು ತನಗೆ ಗುರುತು ಸಿಗುವ ಅಕ್ಷರ ಹುಡುಕುತ್ತದೆ. ಅಲ್ಲಿಂದ ಮುಂದಕ್ಕೆ, ಪಿಯುಸಿ, ಪದವಿ ಮಕ್ಕಳಿಗೆ ಹತ್ತು ದಿನದ ಲಿಪಿ ಶಿಬಿರ ನಡೆಸಬಹುದು. ಮೂಡುಬಿದಿರೆಯಲ್ಲೇ ರಮಾರಾಣಿ ಶೋಧ ಸಂಸ್ಥಾನವಿದೆ. ಶ್ರವಣಬೆಳಗೊಳದಲ್ಲಿ ಪ್ರಾಕೃತ ಅಧ್ಯಯನದ ಸಂಸ್ಥೆ ಇದೆ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಶಾಸ್ತ್ರಕ್ಕೇ ಒಂದು ವಿಭಾಗವಿದೆ. ಈ ಮೂರೂ ಕೂಡಿ ಒಂದು ಪಾಠಕ್ರಮ ಮಾಡಿದರೆ ಬೇರೆಲ್ಲೂ ಹೋಗಬೇಕಿಲ್ಲ.

ಮನೆಯ ಅಟ್ಟದಲ್ಲೋ ದೇವರ ಕೋಣೆಯಲ್ಲೋ ಓಲೆಕಟ್ಟು ಇಟ್ಟುಕೊಂಡಿರುವ ಓದುಗರಿಗೆ: ತೊಳೆಯಬೇಡಿ, ಎಣ್ಣೆ ಹಚ್ಚಬೇಡಿ, ನೀರಿಗೆ ಬಿಡುವ ಯೋಚನೆಯಂತೂ ಬೇಡ. ಹಳೆಯ ದಾರ ತುಂಡಾಗಿದ್ದರೆ ಗರಿಗಳನ್ನು ಇದ್ದ ಅನುಕ್ರಮದಲ್ಲೇ ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಎರಡು ಹಲಗೆಯ ನಡುವೆ ಹಗುರಾಗಿ ಕಟ್ಟಿ, ಒಲೆಯ ಹೊಗೆ, ನಲ್ಲಿ, ಹೊರಗೋಡೆಯಿಂದ ದೂರವಿಡಿ. ಬಿಸಿಲು ನೇರ ಬೀಳದ ಕಿಟಕಿಯ ಬಳಿ, ಫ್ಲಾಷ್ ಆರಿಸಿ, ಮೊಬೈಲನ್ನು ಗರಿಗೆ ಸಮಾನಾಂತರವಾಗಿ ಹಿಡಿದು ಮೊದಲ ಐದು, ಕೊನೆಯ ಐದು ಗರಿಗಳ ಎರಡೂ ಬದಿ ಚಿತ್ರ ತೆಗೆಯಿರಿ, ಪಕ್ಕದಲ್ಲಿ ಒಂದು ಅಡಿಪಟ್ಟಿ ಇರಲಿ. ಯಾವ ಕೃತಿ ಎಂದು ಗುರುತಿಸಲು ಲಿಪಿ ಬಲ್ಲವರಿಗೆ ಹೆಚ್ಚಾಗಿ ಅಷ್ಟು ಸಾಕು.

ಸರ್ಕಾರಕ್ಕೂ ಮಠಗಳಿಗೂ ಕೇಳುವುದು ಇಷ್ಟು. ಜ್ಞಾನ ಭಾರತಂ ಹಣ ಬಂದಾಗ ಮೊದಲ ಕಂತು ಸೂಚಿಗೂ ಭಂಡಾರದಲ್ಲಿ ದಿನವೂ ಇರುವ ಇಬ್ಬರ ಸಂಬಳಕ್ಕೂ ಹೋಗಲಿ, ಕ್ಯಾಮೆರಾ ಎರಡನೆಯ ಕಂತಿನಲ್ಲಿ ಬರಲಿ. ಸೂಚಿ ಕನ್ನಡದಲ್ಲಿ, ಎಲ್ಲರೂ ಹುಡುಕುವಂತೆ ಅಂತರ್ಜಾಲದಲ್ಲಿ ಇರಲಿ. ವಾರಕ್ಕೆ ಎರಡು ದಿನ ಓದುಕೋಣೆ ತೆರೆದಿರಲಿ, ಓದುಗರಿಗೆ ಮೊದಲು ಚಿತ್ರ, ಚಿತ್ರದಲ್ಲಿ ಸಂದೇಹ ಬಗೆಹರಿಯದಿದ್ದರೆ ಸಿಬ್ಬಂದಿಯ ಎದುರು ಮೂಲ ಗರಿ ಸಿಗಲಿ. ಮಾಘದಲ್ಲಿ ಕಟ್ಟುಗಳನ್ನು ಪರಿಶೀಲಿಸಿದ ವರದಿಯನ್ನು, ಎಷ್ಟು ಕಟ್ಟಿಗೆ ಹುಳು ಬಿದ್ದಿತ್ತು, ಏನು ಮಾಡಲಾಯಿತು ಎಂಬುದರ ಸಮೇತ, ಶ್ರುತಪಂಚಮಿಯ ದಿನ ಬಸದಿಯಲ್ಲಿ ಸೇರಿದವರ ಮುಂದೆ ಓದಲಿ.

ಹಸ್ತಪ್ರತಿ ಸಂರಕ್ಷಣೆಯ ಆಸಕ್ತ ಓದುಗರು,
ದಕ್ಷಿಣ ಕನ್ನಡ